ಮಲ್ಪೆಯ ಧಕ್ಕೆಯಲ್ಲಿ ಒಂದು ಪ್ರಾತಃಕಾಲ

ಉಡುಪಿಯಿಂದ ಪಶ್ಚಿಮಕ್ಕೆ ಸುಮಾರು 6 ಕಿಲೋಮೀಟರ್ ದೂರದಲ್ಲಿ ಮಲ್ಪೆಯ ಮೀನುಗಾರಿಕೆ ಬಂದರಿರುವುದು. ಹಾಸನ ಸೀಮೆಯ ಸಂತೆಗಳಲ್ಲಿ ಮಾರಾಟವಾಗುವ ಬಂಗುಡೆ, ಬೂತಾಯಿಗಳು ಇಂತಹ ಕರಾವಳಿಯ ಬಂದರುಗಳಿಂದಲೇ ಘಟ್ಟ ಹತ್ತಿ ಬರತಕ್ಕವು. ಹೊಲಗದ್ದೆಗಳನ್ನು ನಂಬಿದವರಿಗೆ ಕಡಲಿನ ಕಸುಬಿನಿಂದೇನು ಎಂದು ಕೆಲವರು ಕೇಳಬಹುದು. ಆದರೆ ಕೆರೆ ಹೊಳೆಗಳುಳ್ಳ ಗ್ರಾಮಗಳ ಯಜಮಾನರು ಒಮ್ಮೆಯಾದರೂ ನೋಡತಕ್ಕ ಸ್ಥಳವಿದು.

ಬೆಳಕು ಹರಿಯುವ ಮೊದಲೇ ಅಲ್ಲಿ ವ್ಯಾಪಾರವು ಆರಂಭವಾಗಿರುವುದು. ಹಲವು ದಿನಗಳು ಆಳಸಮುದ್ರದಲ್ಲಿದ್ದ ದೋಣಿಗಳು ಒಂದರ ಮಗ್ಗುಲಿಗೊಂದು ಧಕ್ಕೆಗೆ ತಗುಲಿ ನಿಲ್ಲುವುವು. ತಾಂಡೇಲನು ಕೂಗಿ ಹೇಳಿದಂತೆ ಕಲಾಸಿಗಳು ಮಂಜುಗಡ್ಡೆಯೊಳಗಿನ ಮೀನನ್ನು ಬುಟ್ಟಿಬುಟ್ಟಿಯಾಗಿ ಮೇಲಕ್ಕೆತ್ತುವರು. ಅಂಜಲ್, ಮಾಂಜಿ, ಸಿಗಡಿ, ಬೊಂಡಾಸ್ ಇವುಗಳನ್ನು ಬೇರೆಬೇರೆ ರಾಶಿ ಹಾಕಿದೊಡನೆ ಹರಾಜಿನ ಕೂಗು ಏಳುವುದು. ಬೆಲೆಯು ನಿಂತಲ್ಲಿಯೇ ತೀರ್ಮಾನವಾಗಬೇಕು. ಬಿಸಿಲೇರಿದ ಹಾಗೆಲ್ಲ ಸರಕಿನ ಬೆಲೆ ಇಳಿಯುವುದು. ರಾಗಿಯಂತೆ ಕಣಜದಲ್ಲಿಟ್ಟು ಒಳ್ಳೆಯ ಧಾರಣೆಗೆ ಕಾಯುವಂತಿಲ್ಲ. ಬುಟ್ಟಿ ಹೊತ್ತ ಹೆಂಗಸರು ಹರಾಜಿನಲ್ಲಿ ಗಂಡಸರಿಗಿಂತ ಚುರುಕು ಎಂಬುದನ್ನು ನೋಡಿದವರೆಲ್ಲರೂ ಒಪ್ಪುವರು.

ಈ ಗದ್ದಲದ ಒಂದು ಮೂಲೆಯಲ್ಲಿ ಯಾರೂ ಹರಾಜು ಕೂಗದ ರಾಶಿಯೊಂದಿರುವುದುಂಟು. ಅದರಲ್ಲಿರುವುದು ಬೆರಳುದ್ದದ ಮರಿಗಳು. ಸಣ್ಣ ಕಣ್ಣಿನ ಬಲೆಗೆ ಸಿಕ್ಕಿದ ಈ ಮರಿಗಳು ಊಟದೆಲೆಗೆ ಬರುವುದಿಲ್ಲ. ಹಿಟ್ಟಾಗಿ ಕೋಳಿಯ ಮತ್ತು ಸಿಗಡಿಯ ಮೇವಿಗೋ, ಗೊಬ್ಬರಕ್ಕೋ ಹೋಗುವುವು. ಬಿತ್ತನೆಯ ಕಾಳನ್ನೇ ಬೇಯಿಸಿ ದನಕ್ಕಿಟ್ಟಂತಾಯಿತು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನಿನಷ್ಟು ಸಿಕ್ಕಿದ್ದ ಬೂತಾಯಿಯು 2021ರಲ್ಲಿ 4 ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಕಡಲ ನೀರಿನ ಬಿಸುಪಿನ ಏರುಪೇರೂ ಇದಕ್ಕೆ ದೊಡ್ಡ ಕಾರಣವೆಂದು ತಿಳಿದವರು ಹೇಳುವರು. ಆದರೆ ಮನುಷ್ಯನ ಕೈಯಲ್ಲಿರುವುದು ಬಲೆಯೊಂದೇ. ಆದಕಾರಣ ಕೇರಳ ಸರ್ಕಾರವು 2015ರಲ್ಲಿ ಬೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರಿನ ಕನಿಷ್ಠ ಅಳತೆಯನ್ನು ಗೊತ್ತುಮಾಡಿತು. ಕರ್ನಾಟಕದ ಕರಾವಳಿಯಲ್ಲಿಯೂ ಮುಂಗಾರಿನಲ್ಲಿ ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳು ಕಡಲಿಗಿಳಿಯಕೂಡದು. ಆ ದಿನಗಳಲ್ಲಿ ಮಲ್ಪೆಯ ಧಕ್ಕೆಯು ಸುಗ್ಗಿ ಮುಗಿದ ಕಣದಂತೆ ಬರಿದಾಗಿರುವುದು.

ಕರಾವಳಿಯಲ್ಲಿ ಕಾನೂನಿನಿಂದ ಮಾಡಿಸಬೇಕಾದ ಈ ಕೆಲಸವನ್ನು ರಾಮನಾಥಪುರದಲ್ಲಿ ಭಕ್ತಿಯೇ ಮಾಡಿಸಿರುವುದು. ಅಲ್ಲಿ ರಾಮೇಶ್ವರ ದೇವಾಲಯದ ಬಳಿ ಕಾವೇರಿಯ ವಹ್ನಿಪುಷ್ಕರಿಣಿಯಲ್ಲಿ ಮೀನನ್ನು ಯಾರೂ ಹಿಡಿಯರು. ಭಕ್ತರು ಪುರಿ ಚೆಲ್ಲಿದರೆ ದೊಡ್ಡ ದೊಡ್ಡ ಮೀನುಗಳು ಸೋಪಾನದವರೆಗೂ ಬರುವುವು. ಆದರೆ ಮಹಶೀರ್ ಜಾತಿಯ ಮೀನು ಒಂದೇ ಮಡುವಿನಲ್ಲಿ ನಿಲ್ಲತಕ್ಕದ್ದಲ್ಲ. ಮಳೆಗಾಲದಲ್ಲಿ ಮೊಟ್ಟೆಯಿಡಲು ಪ್ರವಾಹಕ್ಕೆದುರಾಗಿ ಹೊರಡುವುದು. ಮಡುವನ್ನು ಬಿಟ್ಟ ಮೇಲೆ ಅದನ್ನು ಕಾಯುವವರು ಯಾರು? ಹೊಳೆಯಲ್ಲಿ ತೋಟೆ ಸಿಡಿಸುವುದೂ ವಿಷ ಬೆರೆಸುವುದೂ 1897ರ ಮೀನುಗಾರಿಕೆ ಕಾಯಿದೆಯಲ್ಲಿಯೇ ಅಪರಾಧಗಳೆನಿಸಿವೆ. ಒಂದು ತೋಟೆಗೆ ದೊಡ್ಡ ಮೀನು ನಾಲ್ಕು ತೇಲಿದರೆ ಲೆಕ್ಕಕ್ಕೆ ಬಾರದ ಮರಿಗಳು ತಳದಲ್ಲಿ ಸಾಯುವುವು.

ಕೆರೆಗಳ ವಿಷಯದಲ್ಲಿಯೂ ಯಜಮಾನರು ಲಕ್ಷ್ಯವಿಡಬೇಕಾದ ಕಾಲವು ಮೊದಲ ಹೊಸನೀರಿನದು. ಮೊಟ್ಟೆ ತುಂಬಿದ ಮೀನು ಹೊಸನೀರಿನ ವಾಸನೆಗೆ ಹಳ್ಳವನ್ನೇರುವಾಗಲೇ ಕೂಳಿ ಹಾಕುವ ವಾಡಿಕೆಯಿದೆ. ಕೆರೆಗೆ ನೀರು ಬರುವ ಹಳ್ಳದಲ್ಲಿ ಆ ಕೆಲವು ವಾರಗಳು ಕೂಳಿಯಿಡದಂತೆ ಗ್ರಾಮಸ್ಥರೇ ಒಪ್ಪಿಕೊಂಡರೆ ಸಾಕು, ಇದಕ್ಕೆ ಕಾವಲುಗಾರನ ಸಂಬಳವೂ ಬೇಡ. ಮೀನು ಹಿಡಿಯಲು ಕೆರೆಯನ್ನು ಗುತ್ತಿಗೆ ಪಡೆದವರು ಕಾಟ್ಲ, ರೋಹು ಮರಿಗಳನ್ನು ಬಿಡುವುದು ಸಾಮಾನ್ಯವಾಗಿ ಕೆರೆ ತುಂಬಿದ ಮೇಲೆ. ಆಗ ಕೋಡಿಗೆ ಜಾಲರಿ ಕಟ್ಟದೆ ಬಿಟ್ಟರೆ, ಹಣ ಕೊಟ್ಟು ತಂದ ಮರಿಗಳು ಮುಂದಿನ ಮಳೆಗೆ ಕೆಳಗಿನ ಊರಿನ ಪಾಲಾಗುವುವು.