ಹೊಳೆಗಿಂತ ಮೊದಲು ಬರುವ ಸುದ್ದಿ

ಕಲ್ಲೋಳದ ಬ್ಯಾರೇಜ್ ಮೇಲೆ ನೀರು ಹತ್ತಿತೆಂದರೆ ಚಿಕ್ಕೋಡಿ ಸೀಮೆಯಲ್ಲಿ ಮಾತೆಲ್ಲ ಹೊಳೆಯದೇ. ನಿನ್ನೆ ಸಂಜೆಯವರೆಗೂ ಯಡೂರಿನ ಕಡೆ ಬೈಕು, ಟ್ರ್ಯಾಕ್ಟರು ಓಡಾಡಿದ ದಾರಿ ಬೆಳಗಾಗುವಷ್ಟರಲ್ಲಿ ಕಾಣದಂತಾಗಿರುತ್ತದೆ. ಅದರ ಮೇಲೆ ಕೆಮ್ಮಣ್ಣು ಕದಡಿದ ಕೃಷ್ಣೆ ಸದ್ದಿಲ್ಲದೆ, ಆದರೆ ಭಾರಿ ಸೆಳವಿನಲ್ಲಿ ಸಾಗುತ್ತಿರುತ್ತಾಳೆ. ಬೇರುಸಮೇತ ಕಿತ್ತುಬಂದ ಜಾಲಿಮರ, ಕಬ್ಬಿನ ರವದಿ, ಯಾವುದೋ ಮನೆಯ ಪ್ಲಾಸ್ಟಿಕ್ ಕೊಡ ತೇಲಿ ಹೋಗುತ್ತವೆ. ಎರಡೂ ತುದಿಗೆ ಬ್ಯಾರಿಕೇಡ್ ಎಳೆದು ಪೊಲೀಸರು ನಿಂತಿದ್ದಾರೆ. ದಡದಲ್ಲಿ ರೈತರಿಗೆ ನಿಲ್ಲಲೂ ಪುರುಸೊತ್ತಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಪಂಪ್‌ಸೆಟ್ ಬಿಚ್ಚುತ್ತಿದ್ದಾರೆ. ಒಬ್ಬ ಪೈಪು ಕಳಚಿದರೆ ಇನ್ನೊಬ್ಬ ಕೇಬಲ್ ಸುತ್ತುತ್ತಾನೆ, ನಾಲ್ಕು ಜನ ಹಗ್ಗ ಹಾಕಿ ಮೋಟಾರನ್ನು ಏರಿಯ ಮೇಲೆ ಎಳೆಯುತ್ತಾರೆ.

ವಿಚಿತ್ರವೆಂದರೆ ಇಲ್ಲಿ ಮಳೆಯೇ ಇಲ್ಲ. ಮೋಡ ಕವಿದಿದೆ, ಆಗೊಮ್ಮೆ ಈಗೊಮ್ಮೆ ಜಿನುಗುತ್ತದೆ, ಅಷ್ಟೇ. "ನಮ್ಮಲ್ಲಿ ಹನಿ ಇಲ್ರಿ, ಹೊಳಿ ನೋಡಿದ್ರ ತುಂಬಿ ಬರಾಕತ್ತೈತಿ" ಎನ್ನುವುದು ಈ ಭಾಗದಲ್ಲಿ ಪ್ರತಿ ಜುಲೈ–ಆಗಸ್ಟ್‌ನಲ್ಲಿ ಕೇಳುವ ಮಾತು. ಬೆಳಗಾವಿಯ ಕೃಷ್ಣಾತೀರದ ನೆರೆ ಸುರಿಯುವುದು ಸಹ್ಯಾದ್ರಿಯ ನೆತ್ತಿಯಲ್ಲಿ, ಬೇರೊಂದು ರಾಜ್ಯದಲ್ಲಿ. ಹಾಗಾಗಿ ಈ ಊರುಗಳಿಗೆ ಆಕಾಶ ನೋಡಿ ಪ್ರಯೋಜನವಿಲ್ಲ. ಹೊಳೆ ಬರುವ ಮೊದಲು ಸುದ್ದಿ ಬರಬೇಕು.

ಸುದ್ದಿ ಬರುವ ಊರುಗಳ ಹೆಸರು ಇಲ್ಲಿ ಎಲ್ಲರಿಗೂ ಬಾಯಿಪಾಠ: ಮಹಾಬಳೇಶ್ವರ, ನವಜಾ, ಕೊಯ್ನಾ, ವಾರಣಾ, ರಾಧಾನಗರಿ, ಕಾಳಮ್ಮವಾಡಿ. ಅಲ್ಲಿ ಎಷ್ಟು ಮಿಲಿಮೀಟರ್ ಬಿತ್ತೆಂಬುದು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆ ಊರುಗಳನ್ನು ಕಣ್ಣಾರೆ ಕಾಣದವರೂ ಚಹಾ ಅಂಗಡಿಯಲ್ಲಿ ಕುಳಿತು ಅದನ್ನು ಲೆಕ್ಕ ಹಾಕುತ್ತಾರೆ. ಕೊಯ್ನಾ ಜಲಾಶಯ 105 ಟಿಎಂಸಿ ನೀರು ಹಿಡಿಯುತ್ತದೆ. ಅದು ಖಾಲಿ ಇರುವವರೆಗೆ ಮಳೆಯನ್ನು ನುಂಗುತ್ತದೆ, ತುಂಬಿದ ಮೇಲೆ ಬಂದದ್ದನ್ನೆಲ್ಲ ಕೆಳಕ್ಕೆ ಬಿಡಲೇಬೇಕು. ರಾಧಾನಗರಿಯದು ಇನ್ನೊಂದು ಬಗೆ. ಕೊಲ್ಹಾಪುರದ ಶಾಹೂ ಮಹಾರಾಜರು ಕೆಲಸ ಆರಂಭಿಸಿದ ಆ ಅಣೆಕಟ್ಟೆಗೆ ತಾವಾಗಿಯೇ ತೆರೆದುಕೊಳ್ಳುವ ಏಳು ಗೇಟುಗಳಿವೆ. ನೀರು ಮಟ್ಟ ಮುಟ್ಟಿದೊಡನೆ ಯಾರ ಆದೇಶಕ್ಕೂ ಕಾಯದೆ ಒಂದೊಂದೇ ಏಳುತ್ತವೆ, ಒಂದೊಂದರಿಂದಲೂ 1,428 ಕ್ಯೂಸೆಕ್ ಹೊರಬೀಳುತ್ತದೆ. ಆ ನೀರು ಪಂಚಗಂಗೆ ಸೇರಿ ಕೊಲ್ಹಾಪುರ ದಾಟಿ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಕೂಡುತ್ತದೆ. ಅಲ್ಲಿಂದ ರಾಜಾಪುರ ಬ್ಯಾರೇಜ್, ಅದರಾಚೆ ಕರ್ನಾಟಕ.

ಘಟ್ಟದ ನೆತ್ತಿಯಿಂದ ಗಡಿಯವರೆಗೆ ನೀರಿಗೆ ಒಂದೆರಡು ದಿನದ ದಾರಿ. ಸರಕಾರದ ಕೈಯಲ್ಲಿರುವ ಬಂಡವಾಳವೆಲ್ಲ ಆ ಒಂದೆರಡು ದಿನವೇ.

ಆ ದಿನಗಳನ್ನು ಲೆಕ್ಕ ಹಾಕುವವರಲ್ಲಿ ಕೆಲವರು ಕೃಷ್ಣೆಯಿಂದ ನೂರಾರು ಕಿಲೋಮೀಟರ್ ದೂರ, ಬೆಂಗಳೂರಿನ ಯಲಹಂಕದಲ್ಲಿ ಇದ್ದಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹುಟ್ಟಿದ್ದು 1988ರಲ್ಲಿ, ಬರ ಉಸ್ತುವಾರಿ ಘಟಕವಾಗಿ. ಬರವನ್ನು ಅಳೆಯಲೆಂದು ಕಟ್ಟಿದ ಜಾಲವೇ ಇಂದು ನೆರೆಯನ್ನೂ ಕಾಯುತ್ತಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅದು ನಿಲ್ಲಿಸಿರುವ ಮಳೆಮಾಪಕಗಳು ಆರು ಸಾವಿರಕ್ಕೂ ಹೆಚ್ಚು. ಪಂಚಾಯಿತಿ ಕಚೇರಿಯ ಅಂಗಳದಲ್ಲೋ ಶಾಲೆಯ ಮೂಲೆಯಲ್ಲೋ ತಂತಿಬೇಲಿಯೊಳಗೆ ಒಂದು ಕಂಬ, ಅದಕ್ಕೊಂದು ಸೌರಫಲಕ, ಪಕ್ಕದಲ್ಲಿ ಒಂದು ಡಬ್ಬಿ ನೋಡಿದ್ದೀರಲ್ಲ, ಅದೇ. ಒಳಗಿರುವ ಪುಟ್ಟ ಬಟ್ಟಲು ತುಂಬಿದೊಡನೆ ವಾಲಿ ಚೆಲ್ಲುತ್ತದೆ, ಮತ್ತೆ ತುಂಬುತ್ತದೆ. ಎಷ್ಟು ಸಲ ವಾಲಿತೆಂಬ ಲೆಕ್ಕ ಮೊಬೈಲ್ ಜಾಲದ ಮೂಲಕ ಪ್ರತಿ 15 ನಿಮಿಷಕ್ಕೆ ಯಲಹಂಕದ ಪರದೆಗೆ ಬರುತ್ತದೆ. ಹವಾಮಾನ ಇಲಾಖೆಯ ಉಪಗ್ರಹ ಚಿತ್ರ, ಗೋವಾದ ರೇಡಾರ್, ಜಲಾಶಯಗಳ ಮಟ್ಟ ಎಲ್ಲವೂ ಅದರ ಜೊತೆಗೆ ಸೇರುತ್ತವೆ. 24 ತಾಸಿನಲ್ಲಿ 204.4 ಮಿಲಿಮೀಟರ್ ಮೀರಿದರೆ ಹವಾಮಾನ ಇಲಾಖೆಯ ಭಾಷೆಯಲ್ಲಿ ಅದು ಅತ್ಯಂತ ಭಾರಿ ಮಳೆ. ಆಗ ನಕ್ಷೆಯ ಮೇಲೆ ಜಿಲ್ಲೆ ಕೆಂಪಾಗುತ್ತದೆ. ಆಲಮಟ್ಟಿ, ನಾರಾಯಣಪುರಗಳಿಗೆ ಎಷ್ಟು ನೀರು ಬಂದೀತು ಎಂಬ ಮುನ್ಸೂಚನೆಯನ್ನು ಕೇಂದ್ರ ಜಲ ಆಯೋಗ ಕೊಡುತ್ತದೆ.

ಇಷ್ಟೆಲ್ಲ ಯಂತ್ರಗಳಿದ್ದರೂ ಕೊನೆಗೆ ಒಬ್ಬ ಮನುಷ್ಯ ನದಿಯ ದಡಕ್ಕೆ ಹೋಗಿ ನೋಡಲೇಬೇಕು. ರಾತ್ರಿ, ಗಾಳಿ, ಜಡಿಮಳೆ. ಕರೆಂಟು ಹೋಗಿದೆ. ಗೇಜ್ ನೋಡುವ ನೌಕರ ಟಾರ್ಚ್ ಹಿಡಿದು ಮೆಟ್ಟಿಲು ಇಳಿಯುತ್ತಾನೆ. ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಂಕಿಗಳಲ್ಲಿ ಕೆಳಗಿನವು ಆಗಲೇ ಮುಳುಗಿವೆ. ಅಲೆ ಮೇಲೇರಿ ಇಳಿಯುವುದರಿಂದ ಒಂದೇ ನೋಟಕ್ಕೆ ಅಂಕಿ ಹಿಡಿಯಲಾಗದು, ನಾಲ್ಕಾರು ಅಲೆ ನೋಡಿ ನಡುವಿನದನ್ನು ಗುರುತು ಮಾಡಿಕೊಳ್ಳಬೇಕು. ನೆನೆಯದಂತೆ ಪ್ಲಾಸ್ಟಿಕ್ ಚೀಲದೊಳಗೇ ಫೋನು ಹಿಡಿದು ಅವನು ಹೇಳುವ ಆ ಒಂದು ಅಂಕಿಯ ಮೇಲೆ ತಹಶೀಲ್ದಾರರ ಕಚೇರಿ, ಜಿಲ್ಲಾಧಿಕಾರಿ, ಬೆಂಗಳೂರು ಎಲ್ಲರ ಲೆಕ್ಕ ನಿಂತಿದೆ. ನೆರೆಯ ಕಥೆಗಳಲ್ಲಿ ದೋಣಿಯ ಫೋಟೊ ಇರುತ್ತದೆ, ಹೆಲಿಕಾಪ್ಟರ್ ಇರುತ್ತದೆ. ಈ ಮನುಷ್ಯ ಎಲ್ಲಿಯೂ ಇರುವುದಿಲ್ಲ. ಅವನಿಗೆ ಒಂದು ಒಳ್ಳೆಯ ರೇನ್‌ಕೋಟು, ಗಟ್ಟಿ ಟಾರ್ಚು, ಜೊತೆಗೆ ಇನ್ನೊಬ್ಬ ಆಳು ಸಿಗಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ತಾಲ್ಲೂಕು ಕಚೇರಿಯ ಕಂಟ್ರೋಲ್ ರೂಮಿನಲ್ಲಿ ಗೋಡೆಗೆ ಒಂದು ಬಿಳಿ ಹಲಗೆ. ರಾಜಾಪುರದಿಂದ ಇಷ್ಟು, ದೂಧಗಂಗೆಯಿಂದ ಇಷ್ಟು, ಎರಡೂ ಕೂಡಿ ಕಲ್ಲೋಳದ ಬಳಿ ಇಷ್ಟು ಎಂದು ಬರೆದು ಅಳಿಸಿ ಅಳಿಸಿ ಅದು ಬೂದಿಬಣ್ಣಕ್ಕೆ ತಿರುಗಿದೆ. ಕೆಳಗೆ ಮುಳುಗಿದ ಸೇತುವೆಗಳ ಪಟ್ಟಿ: ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭೀವಶಿ, ಅಕ್ಕೋಳ–ಸಿದ್ನಾಳ. ಒಂದು ಸೇತುವೆ ಮುಳುಗಿದರೆ ಮಕ್ಕಳ ಶಾಲೆ ಯಾವ ಕಡೆಗೆ ಉಳಿಯಿತು, ದಿನ ತುಂಬಿದ ಬಸುರಿಯರು ಯಾವ ಊರಿನಲ್ಲಿದ್ದಾರೆ, ಅವರನ್ನು ಈಗಲೇ ಆಸ್ಪತ್ರೆಯ ಕಡೆಗೆ ತರಬೇಕೇ, ಇದೆಲ್ಲ ಆಶಾ ಕಾರ್ಯಕರ್ತೆಯರ ನೋಟ್‌ಬುಕ್ಕಿನಿಂದ ಈ ಕೋಣೆಗೆ ಬರುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾಧಿಕಾರಿಗೆ ದೊಡ್ಡ ಅಧಿಕಾರ ಕೊಟ್ಟಿದೆ. ಅದು ಕೆಲಸಕ್ಕೆ ಬರುವುದು ಇಂಥ ನೋಟ್‌ಬುಕ್ಕುಗಳಿಂದ.

ಆಮೇಲೆ ಮನೆ ಬಾಗಿಲು. ಬೆಳಕು ಹರಿಯುವ ಮುಂಚೆ ಊರಲ್ಲಿ ಡಂಗುರ, ಆಟೋಕ್ಕೆ ಕಟ್ಟಿದ ಮೈಕು, ಮೊಬೈಲಿನಲ್ಲಿ ಎಚ್ಚರಿಕೆಯ ಸದ್ದು. ಗ್ರಾಮ ಆಡಳಿತಾಧಿಕಾರಿ ತೋಟದ ವಸತಿಗೆ ಬೈಕಿನಲ್ಲಿ ಹೋಗಿ ಕೂಗುತ್ತಾನೆ: "ಯವ್ವಾ, ಹೊಳಿ ಏರಾಕತ್ತೈತಿ, ಕಾಳಜಿ ಕೇಂದ್ರಕ್ಕ ನಡೀರಿ." ಹಟ್ಟಿಯ ಬಾಗಿಲಲ್ಲಿ ನಿಂತ ಮುದುಕಿ ಒಲ್ಲೆ ಎನ್ನುವುದಿಲ್ಲ. "ಬರ್ತೀನೋ ತಮ್ಮಾ, ಈ ಎಮ್ಮಿ ಎಲ್ಲಿ ಕಟ್ಟಲಿ ಹೇಳು" ಎನ್ನುತ್ತಾಳೆ.

ಜನ ಹಟಕ್ಕೆ ಮನೆ ಬಿಡುವುದಿಲ್ಲ ಎಂದು ದೂರುವವರು ಈ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕು. ಎಮ್ಮೆಯ ಹಾಲೇ ಆ ಮನೆಯ ವಾರದ ಸಂತೆ. ಮನುಷ್ಯರಿಗೆ ಅನ್ನ, ಸಾರು, ಹಾಸಿಗೆ ಇಟ್ಟ ಕೇಂದ್ರದ ಪಕ್ಕದಲ್ಲೇ ದನಕರುಗಳಿಗೆ ಮೇವು, ನೀರು, ಗೂಟ ಇದ್ದರೆ ಆ ಮುದುಕಿ ಮೊದಲ ಟ್ರ್ಯಾಕ್ಟರಿನಲ್ಲೇ ಹತ್ತುತ್ತಾಳೆ. ಇಲ್ಲದಿದ್ದರೆ ನೀರು ಹೊಸ್ತಿಲಿಗೆ ಬರುವವರೆಗೂ ಕಾಯುತ್ತಾಳೆ. ಆಗ ರಬ್ಬರ್ ದೋಣಿಯೇ ಬರಬೇಕು, ಆ ದೋಣಿಯಲ್ಲಿ ಎಮ್ಮೆಗೆ ಜಾಗವಿಲ್ಲ.

2019ರ ಆಗಸ್ಟ್ ಇದನ್ನೆಲ್ಲ ಪರೀಕ್ಷೆಗೆ ಒಡ್ಡಿತು. ಸಾಂಗ್ಲಿಯ ಇರ್ವಿನ್ ಸೇತುವೆಯಲ್ಲಿ 45 ಅಡಿಗೆ ಅಪಾಯದ ಗೆರೆ. ಆ ವರ್ಷ ಕೃಷ್ಣೆ 57 ಅಡಿ ದಾಟಿದಳು. ಆಲಮಟ್ಟಿಯ 26 ಗೇಟುಗಳಿಂದ ಐದು ಲಕ್ಷ ಕ್ಯೂಸೆಕ್ ಮೀರಿ ನೀರು ಹೊರಟಿತು. ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. ಐದು ಲಕ್ಷವಾದರೆ 43. ಆಲಮಟ್ಟಿಯ ಒಟ್ಟು ಸಂಗ್ರಹವೇ 123 ಟಿಎಂಸಿ ಎಂದಾಗ ಅಲ್ಲಿನ ಎಂಜಿನಿಯರರ ಇಕ್ಕಟ್ಟು ತಿಳಿದೀತು. ಬೇಗ ಖಾಲಿ ಮಾಡಿದರೆ, ಮಳೆ ಕೈಕೊಟ್ಟರೆ, ಬೇಸಿಗೆಗೆ ನೀರಿಲ್ಲ. ತಡ ಮಾಡಿದರೆ ಊರುಗಳು ಮುಳುಗುತ್ತವೆ. ಅದೇ ದಿನಗಳಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳಿಗೂ ನುಗ್ಗಿದಳು. ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳು ನೆರೆಪೀಡಿತವೆಂದು ಘೋಷಣೆಯಾದವು. ಆಗ ಸಂಪುಟವೇ ರಚನೆಯಾಗಿರಲಿಲ್ಲ, ಮುಖ್ಯಮಂತ್ರಿ ಒಬ್ಬರೇ ಇದ್ದರು. ಸಾಂಗ್ಲಿ ಮುಳುಗಿದ್ದು ಆಲಮಟ್ಟಿಯ ಹಿನ್ನೀರಿನಿಂದ ಎಂಬ ಕೂಗು ಗಡಿಯಾಚೆ ಎದ್ದಿತು. ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡ್ನೇರೆ ಸಮಿತಿ ಆ ಹೊಣೆಯನ್ನು ಆಲಮಟ್ಟಿಯ ಮೇಲೆ ಹೊರಿಸಲಿಲ್ಲ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿಯೊಡನೆ ನೆರೆ ಸಮನ್ವಯದ ಮಾತು ಆಡಿದರು. ಮುಂದಿನ ತಿಂಗಳೇ ಹೊಳೆ ಮತ್ತೆ ಬಂತು. ನೀರಿನ ಜಗಳ ನ್ಯಾಯಾಧಿಕರಣದಲ್ಲಿ ಇರಲಿ, ನೆರೆಯ ಅಂಕಿ ಮಾತ್ರ ಎರಡೂ ಕಡೆಗೆ ಒಂದೇ ಹೊತ್ತಿಗೆ ಮುಟ್ಟಬೇಕು. ಈ ವಿಷಯದಲ್ಲಿ ರಾಜ್ಯಾಭಿಮಾನಕ್ಕೆ ಜಾಗವಿಲ್ಲ.

ಆಲಮಟ್ಟಿ ದಾಟಿದ ನೀರು ನಾರಾಯಣಪುರಕ್ಕೆ, ಅಲ್ಲಿಂದ ಲಿಂಗಸುಗೂರಿನ ಶೀಲಹಳ್ಳಿ ಸೇತುವೆಗೆ, ದೇವದುರ್ಗದ ಹೂವಿನಹೆಡಗಿಗೆ. ಕಿರಾಣಿ, ಔಷಧ ತುಂಬಿಟ್ಟುಕೊಳ್ಳಲು ನಡುಗಡ್ಡೆಯ ಊರುಗಳವರಿಗೂ ಅದೇ ಸುದ್ದಿ ಬೇಕು.

ನನ್ನ ಕೊರಗು ಒಂದೇ. ಯಲಹಂಕದಿಂದ ತಾಲ್ಲೂಕಿನವರೆಗೆ ಈ ಸುದ್ದಿ ಚೆನ್ನಾಗಿಯೇ ಬರುತ್ತಿದೆ. ಮನೆ ಬಾಗಿಲಿಗೆ ಬರುವಾಗ ಮಾತ್ರ ಅದು ಇನ್ನೂ ಕ್ಯೂಸೆಕ್ಕಿನಲ್ಲೇ ಇರುತ್ತದೆ. ಎರಡೂವರೆ ಲಕ್ಷ ಕ್ಯೂಸೆಕ್ ಎಂದರೆ ಮುದುಕಿಗೇನು ತಿಳಿಯಬೇಕು? ಹನುಮಂತ ದೇವರ ಕಟ್ಟೆಯ ಮೂರನೇ ಮೆಟ್ಟಿಲಿಗೆ ನೀರು ಬರುತ್ತದೆ ಎಂದರೆ ಊರಿಗೆ ಊರೇ ಏಳುತ್ತದೆ. 2005, 2019, 2021ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಊರಿನ ಹಿರಿಯರು ಕೈಯಿಟ್ಟು ತೋರಿಸುತ್ತಾರೆ. ಆ ಗುರುತಿಗೆ ಬಣ್ಣ ಬಳಿದು, ಪಕ್ಕದಲ್ಲಿ ಅಂದಿನ ಹರಿವಿನ ಅಂಕಿ ಬರೆಯಲು ಪಂಚಾಯಿತಿಗೆ ಒಂದು ಡಬ್ಬಿ ಪೇಂಟು ಸಾಕು. ನದೀತೀರದ ಪಂಚಾಯಿತಿಗಳು ಬರುವ ಮುಂಗಾರಿಗೆ ಮುನ್ನ ಈ ಕೆಲಸ ಮಾಡಿ ಮುಗಿಸಲಿ. ಕಾಳಜಿ ಕೇಂದ್ರಗಳ ಪಟ್ಟಿಯಲ್ಲಿ ದನದ ಗೂಟ, ಮೇವಿನ ಬಣವೆಯನ್ನೂ ಸೇರಿಸಲಿ.