ಬಯಾಪ್ಸಿಗೆ ಸಿಗದ ಕ್ಯಾನ್ಸರ್

ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೆ ವೈದ್ಯರು ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ವರದಿಯಲ್ಲಿ ಕೆಲವೊಮ್ಮೆ ‘ಎಟಿಪಿಕಲ್ ಹೈಪರ್‌ಪ್ಲೇಸಿಯಾ’ ಎಂದಿರುತ್ತದೆ. ಒಳಪದರದ ಗ್ರಂಥಿಗಳು ಅತಿಯಾಗಿ ಬೆಳೆದಿವೆ, ಜೀವಕೋಶಗಳ ರೂಪವೂ ಕೆಟ್ಟಿದೆ, ಆದರೆ ಕ್ಯಾನ್ಸರ್ ಆಗಿಲ್ಲ ಎಂದರ್ಥ. ಮನೆಯವರಿಗೆ ನಿರಾಳ. ಅಷ್ಟು ಬೇಗ ನಿರಾಳವಾಗುವಂತಿಲ್ಲ.

ಅಮೆರಿಕದ ಗೈನೆಕಾಲಜಿಕ್ ಆಂಕಾಲಜಿ ಗ್ರೂಪ್‌ನವರ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಇದೇ ವರದಿ ಬಂದಿದ್ದ ಮಹಿಳೆಯರಿಗೆ, ನಡುವೆ ಬೇರೆ ಚಿಕಿತ್ಸೆ ಕೊಡದೆ, 12 ವಾರದೊಳಗೆ ಗರ್ಭಕೋಶ ತೆಗೆಯಲಾಗಿತ್ತು. ಪರಿಶೀಲಿಸಿದ 289 ಮಂದಿಯಲ್ಲಿ 123 ಮಂದಿಗೆ, ಅಂದರೆ ಶೇ. 42.6ರಷ್ಟು ಜನರಿಗೆ, ಆಗಲೇ ಕ್ಯಾನ್ಸರ್ ಇತ್ತು.

ಬಯಾಪ್ಸಿಯಿಂದ ಅದು ತಪ್ಪಿಸಿಕೊಂಡದ್ದು ಹೇಗೆ? ಪೈಪೆಲ್ ಎಂಬ ತೆಳು ನಳಿಕೆಯಾಗಲಿ, ಜನ ‘ಕ್ಲೀನ್ ಮಾಡಿಸೋದು’ ಎನ್ನುವ ಡಿ ಅಂಡ್ ಸಿ ಆಗಲಿ, ಕಣ್ಣಿಗೆ ಕಾಣದ ಜಾಗವನ್ನು ಕೈಯಂದಾಜಿನಲ್ಲಿ ಕೆರೆಯುವ ಕ್ರಮ. ಒಳಗೋಡೆಯ ಎಷ್ಟೋ ಭಾಗ ಮುಟ್ಟದೆಯೇ ಉಳಿಯುತ್ತದೆ. ಹಿಸ್ಟರೋಸ್ಕೋಪಿಯ ಕ್ಯಾಮೆರಾದಲ್ಲಿ ನೋಡುತ್ತಾ ಅನುಮಾನದ ಜಾಗದಿಂದಲೇ ತೆಗೆದರೆ ತಪ್ಪುವ ಸಂಭವ ಕಡಿಮೆ.

ಸೂಕ್ಷ್ಮದರ್ಶಕದ ಕೆಳಗಿನ ತೊಡಕು ಇನ್ನೂ ಸ್ವಾರಸ್ಯದ್ದು. ಈ ಸ್ಥಿತಿಗೂ ಮೊದಲ ದರ್ಜೆಯ ಕ್ಯಾನ್ಸರಿಗೂ ಜೀವಕೋಶಗಳ ಚಹರೆ ಹೆಚ್ಚುಕಡಿಮೆ ಒಂದೇ. ಗ್ರಂಥಿಗಳ ನಡುವಿನ ಆಧಾರದ ಅಂಗಾಂಶ ಅಳಿದು ಅವು ಒಂದರೊಳಗೊಂದು ಬೆಸೆದಿವೆಯೇ ಎಂಬುದೇ ಮುಖ್ಯ. ಕೈಗೆ ಬಂದದ್ದು ಹರಿದ ಚೂರುಗಳಾದರೆ ಆ ಜೋಡಣೆ ಕಾಣುವುದೆಲ್ಲಿ? ಒಂದೇ ಸ್ಲೈಡನ್ನು ನೋಡಿ ನುರಿತ ಪ್ಯಾಥಾಲಜಿಸ್ಟರೇ ಬೇರೆಬೇರೆ ಅಭಿಪ್ರಾಯ ಕೊಟ್ಟದ್ದುಂಟು. ರೋಗ ಸ್ನಾಯುಪದರಕ್ಕೆ ಇಳಿದಿದೆಯೇ ಎಂಬುದಂತೂ ಕೆರೆದ ಚೂರಿನಲ್ಲಿ ಸಾಮಾನ್ಯವಾಗಿ ಗೊತ್ತಾಗದು.

ಹೀಗೆ ಅಡಗಿರುವ ಕ್ಯಾನ್ಸರ್ ಬಹುಪಾಲು ಆರಂಭದ ಹಂತದ್ದು; ಗರ್ಭಕೋಶ ತೆಗೆದರೆ ಅನೇಕರಿಗೆ ಚಿಕಿತ್ಸೆ ಅಲ್ಲಿಗೇ ಮುಗಿಯುತ್ತದೆ. ಆದರೂ ಆ 123ರಲ್ಲಿ 38 ಮಂದಿಗೆ ಅದು ಸ್ನಾಯುಪದರಕ್ಕೆ ಇಳಿದಿತ್ತು. ಆದ್ದರಿಂದಲೇ ಇಂಥವರ ಗರ್ಭಕೋಶವನ್ನು ಹೊಟ್ಟೆಯೊಳಗೆ ತುಂಡರಿಸಬಾರದು, ಕೊರಳ ಭಾಗ ಉಳಿಸಲೂಬಾರದು, ಇಡಿಯಾಗಿ ತೆಗೆಯಬೇಕು.

ಮಗು ಬೇಕೆನ್ನುವ ಯುವತಿಯರದು ಕಠಿಣ ಆಯ್ಕೆ. ಪಿಸಿಓಡಿ, ಬೊಜ್ಜು ಇದ್ದು ಮುಟ್ಟು ತಪ್ಪುತ್ತಿದ್ದರೆ ಈಸ್ಟ್ರೋಜನ್‌ಗೆ ಕಡಿವಾಣ ಹಾಕುವ ಪ್ರೊಜೆಸ್ಟರಾನ್ ಸಾಲದೆ ಒಳಪದರ ಬೆಳೆಯುತ್ತಲೇ ಹೋಗುತ್ತದೆ. ಆ ಕೊರತೆ ತುಂಬಲು ಮಾತ್ರೆಯೋ, ಪ್ರೊಜೆಸ್ಟರಾನ್ ಬಗೆಯ ಹಾರ್ಮೋನ್ ಸೂಸುವ ವಂಕಿಯೋ ನೆರವಾಗುತ್ತದೆ. ಆದರೆ ಮೊದಲು ಹಿಸ್ಟರೋಸ್ಕೋಪಿ, ಎಂಆರ್‌ಐ ಮಾಡಿಸಿ, ಸ್ಲೈಡನ್ನು ಇನ್ನೊಬ್ಬ ಪರಿಣತರಿಗೆ ತೋರಿಸುವುದು ಒಳ್ಳೆಯದು. ಚಿಕಿತ್ಸೆ ಶುರುವಾದ ಮೇಲೂ ಮೂರರಿಂದ ಆರು ತಿಂಗಳಿಗೊಮ್ಮೆ ಬಯಾಪ್ಸಿ ತಪ್ಪಿದ್ದಲ್ಲ.