ಕೇದಾರದ ಏರುಹಾದಿ: ದಣಿವು ಯಾವುದು, ರೋಗ ಯಾವುದು?

ಹಿಮಾಲಯದ ಕೇದಾರನಾಥಕ್ಕೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ಆ ಕ್ಷೇತ್ರದ ರಾವಲರು ಪರಂಪರೆಯಿಂದ ವೀರಶೈವರು. ಚಳಿಗಾಲದಲ್ಲಿ ಕೇದಾರನ ಪೂಜೆ ನಡೆಯುವ ಊಖೀಮಠವು ಪಂಚಪೀಠಗಳಲ್ಲೊಂದರ ನೆಲೆ. ಆದುದರಿಂದಲೇ ನಮ್ಮ ಊರುಗಳ ಸದ್ಭಕ್ತರು ತಂಡ ಕಟ್ಟಿಕೊಂಡು ಅತ್ತ ಯಾತ್ರೆ ಹೊರಡುವುದುಂಟು. ಅವರಲ್ಲಿ ವಯಸ್ಸಾದವರೂ ಇರುತ್ತಾರೆ. ಬಯಲುಸೀಮೆಯಲ್ಲಿ ಬಾಳಿದ ದೇಹಕ್ಕೆ ಆ ಒಂದು ದಿನದ ಏರುನಡಿಗೆ ಎಂಥ ಪರೀಕ್ಷೆಯೆಂಬುದನ್ನು ಹೊರಡುವ ಮುನ್ನವೇ ಅರಿತಿರುವುದು ಒಳಿತು.

ನಡಿಗೆ ಆರಂಭವಾಗುವ ಗೌರಿಕುಂಡ ಸಮುದ್ರಮಟ್ಟದಿಂದ ಸುಮಾರು 1,980 ಮೀಟರ್ ಎತ್ತರದಲ್ಲಿದೆ. ಕೇದಾರನಾಥ ಸುಮಾರು 3,580 ಮೀಟರ್. 2013ರ ಪ್ರವಾಹದಲ್ಲಿ ರಾಮಬಾಡಾ ಕೊಚ್ಚಿಹೋದ ಬಳಿಕ ಮಂದಾಕಿನಿಯ ಎದುರುದಂಡೆಯಲ್ಲಿ, ಲಿಂಚೋಲಿಯ ಮೂಲಕ ಹೊಸ ದಾರಿಯಾಯಿತು. ಈಗ ನಡೆಯಬೇಕಾದ ದೂರ ಸುಮಾರು 16 ಕಿಲೋಮೀಟರ್. ಒಂದೇ ಹಗಲಿನಲ್ಲಿ 1,600 ಮೀಟರ್ ಮೇಲೇರುವುದೆಂದರೆ ತರುಣರಿಗೂ ಸುಲಭದ ಮಾತಲ್ಲ.

ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ. ಅಲ್ಲಿಯೂ ಅದು ಶೇಕಡಾ 21ರಷ್ಟೇ. ಕುಗ್ಗುವುದು ಗಾಳಿಯ ಒತ್ತಡ. ಕೇದಾರದ ಎತ್ತರದಲ್ಲಿ ಅದು ಸಮುದ್ರಮಟ್ಟದ ಮೂರನೆಯ ಎರಡು ಪಾಲಿನಷ್ಟು ಮಾತ್ರ. ಆದುದರಿಂದ ಪ್ರತಿ ಉಸಿರಿಗೂ ದೊರೆಯುವ ಪ್ರಾಣವಾಯು ಕಡಿಮೆ. ಉಸಿರು, ನಾಡಿ ಎರಡೂ ವೇಗಗೊಳ್ಳುತ್ತವೆ. ಇದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಕೆಲವು ದಿನಗಳು ಬೇಕು. ಕುದುರೆಯನ್ನೋ ಡೋಲಿಯನ್ನೋ ಏರಿದರೆ ಕಾಲಿನ ಶ್ರಮ ತಪ್ಪೀತು, ಎತ್ತರದ ಪರಿಣಾಮ ತಪ್ಪದು. ಕೆಲವೇ ನಿಮಿಷಗಳಲ್ಲಿ ಮೇಲೆ ತಲುಪಿಸುವ ಹೆಲಿಕಾಪ್ಟರಿನಲ್ಲಂತೂ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಇಲ್ಲ.

ದಣಿವು ಸಹಜ. ನೆರಳಿನಲ್ಲಿ ಕುಳಿತು ನೀರು ಕುಡಿದು, ಖರ್ಜೂರವನ್ನೋ ಶೇಂಗಾ ಉಂಡೆಯನ್ನೋ ತಿಂದರೆ ಅದು ಇಳಿಯತೊಡಗುತ್ತದೆ. ಹಾಗೆ ಇಳಿಯದ ತಲೆನೋವು, ಅದರೊಡನೆ ಓಕರಿಕೆ, ತಲೆಸುತ್ತು, ಊಟ ಬೇಡವೆನಿಸುವುದು ಕಂಡುಬಂದರೆ ಅದನ್ನು ಪರ್ವತರೋಗದ ಆರಂಭವೆಂದೇ ತಿಳಿಯಬೇಕು. ಆಗ ಮೇಲೇರುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಕುಳಿತಿರುವಾಗಲೂ ಏದುಸಿರು, ನೊರೆಯುಕ್ಕುವ ಕೆಮ್ಮು, ತುಟಿ ನೀಲಿಗಟ್ಟುವುದು, ಮಾತು ತೊದಲುವುದು, ನೇರವಾಗಿ ಹೆಜ್ಜೆಯಿಡಲಾಗದಿರುವುದು, ಇವು ಪ್ರಾಣಾಪಾಯದ ಲಕ್ಷಣಗಳು. ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು, ಮೆದುಳು ಬಾಯುತ್ತಿರಬಹುದು. ಮಲಗಿದರೆ ಬೆಳಗಿನ ವೇಳೆಗೆ ಸರಿಹೋದೀತೆಂದು ಕಾಯಬಾರದು. ಆಮ್ಲಜನಕ ಕೊಡಿಸಿ, ವೈದ್ಯರ ನೆರವು ಪಡೆದು, ರಾತ್ರಿಯಾದರೂ ಸರಿಯೇ, ಹೊತ್ತುಕೊಂಡಾದರೂ ಕೆಳಗಿಳಿಸಬೇಕು. ಇಳಿಯುವುದೇ ಮೊದಲ ಮದ್ದು.

ತಂಡದ ಯಾತ್ರೆಯಲ್ಲಿ ಇನ್ನೊಂದು ಅಪಾಯವಿದೆ. ತಮ್ಮಿಂದಾಗಿ ಎಲ್ಲರ ದರ್ಶನ ತಪ್ಪಬಾರದೆಂದು ಹಿರಿಯರು ನೋವನ್ನು ನುಂಗಿಕೊಂಡು ನಡೆಯುತ್ತಾರೆ. ಮುಂದೆ ಹೋದ ತರುಣರಿಗೆ ಹಿಂದೆ ಉಳಿದವರ ಅರಿವೇ ಇರುವುದಿಲ್ಲ. ಆದುದರಿಂದ ಮೂರು ಕಟ್ಟಳೆಗಳನ್ನು ಊರಿನಲ್ಲಿಯೇ ಮಾಡಿಕೊಳ್ಳಬೇಕು. ತಂಡದ ವೇಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವಾಗಿರಲಿ. ಎಲ್ಲರ ಹಿಂದೆ ಒಬ್ಬ ಸಮರ್ಥರು ಬರಲಿ. ಮರಳುವವರ ಜೊತೆಗೆ ಯಾರು ಇಳಿಯಬೇಕೆಂಬುದು ಮೊದಲೇ ನಿಶ್ಚಯವಾಗಿರಲಿ.

ಹೃದಯರೋಗ, ಅಸ್ತಮಾ, ರಕ್ತದೊತ್ತಡ, ಸಕ್ಕರೆ ಕಾಯಿಲೆಯುಳ್ಳವರು ವೈದ್ಯರನ್ನು ಕಂಡೇ ಹೊರಡಬೇಕು. ಪರ್ವತರೋಗ ತಡೆಯುವ ಮಾತ್ರೆಗಳನ್ನೂ ಅವರ ಸಲಹೆಯಿಲ್ಲದೆ ಸೇವಿಸಬಾರದು. ಎರಡು ಮೂರು ತಿಂಗಳ ಮೊದಲೇ ದಿನವೂ ನಡೆಯುವ, ಮೆಟ್ಟಿಲು ಹತ್ತಿಳಿಯುವ ರೂಢಿಯಾಗಲಿ. ಗೌರಿಕುಂಡದಲ್ಲೋ ಸೋನಪ್ರಯಾಗದಲ್ಲೋ ಒಂದು ರಾತ್ರಿಯಾದರೂ ತಂಗಬೇಕು. ಸಾಧ್ಯವಾದರೆ ಏರುವ ಹಾದಿಯನ್ನು ಎರಡು ದಿನಗಳಿಗೆ ಹಂಚಿಕೊಳ್ಳಬೇಕು. ಒದ್ದೆ ಬಟ್ಟೆ ಮೈಯ ಬಿಸಿಯನ್ನು ಕದಿಯುವುದರಿಂದ ಒಣಗಿದ ಉಣ್ಣೆಯುಡುಪು ಕೈಗೆಟಕುವಂತಿರಲಿ. ಇಳಿಜಾರಿನಲ್ಲಿ ಮೊಣಕಾಲಿನ ಮೇಲೆ ಭಾರ ಹೆಚ್ಚುವುದರಿಂದ ಊರುಗೋಲು ಮರೆಯಬಾರದು.

ಹಾದಿಯ ನಡುವೆ ಹಿಂದಿರುಗುವುದು ಭಕ್ತಿಯ ಸೋಲಲ್ಲ. ಇಷ್ಟಲಿಂಗವನ್ನು ಧರಿಸಿದವರಿಗೆ ಲಿಂಗಪೂಜೆ ಲಿಂಚೋಲಿಯಲ್ಲಿಯೂ ತಪ್ಪದು, ಗೌರಿಕುಂಡದಲ್ಲಿಯೂ ತಪ್ಪದು. ಜೊತೆಯವರು ತಲೆನೋವೆಂದಾಗ ನಿಂತು ವಿಚಾರಿಸುವುದು, ಅಗತ್ಯವಾದರೆ ಅವರೊಡನೆ ಇಳಿದು ಬರುವುದು, ಅದೂ ಯಾತ್ರೆಯೇ.